ಯಾವುದು, ಎಷ್ಟು ಅಂತ ಕೇಳೋಣ

ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಹೆಂಗಸರಿಗೆ ಒಳಗಿರುವುದನ್ನು ಹೊರಗಿನಿಂದಲೇ ತಿಳಿಯುವ ವಿದ್ಯೆ ಹೊಸದೇನಲ್ಲ. ಅಟ್ಟದ ಮೇಲಿನ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಸಾಕು. ನೀರು ಕುಲುಕಿದರೆ ಇನ್ನೂ ಹಸಿ, ಗಡಗಡ ಅಂದರೆ ಕೊಬ್ಬರಿಯಾಗಿದೆ. ಹಾಲು ಒಡೆದರೆ ಕಣ್ಣು ಹೇಳುತ್ತೆ, ಗ್ಯಾಸ್ ಸೋರಿದರೆ ಮೂಗು ಹೇಳುತ್ತೆ. ಆದರೆ ವಿಕಿರಣಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಅದಕ್ಕೇ ಅದರ ಹೆಸರು ಕೇಳಿದರೆ ನಮಗೆ ಭಯ ಜಾಸ್ತಿ, ವಿಚಾರ ಕಡಿಮೆ.

ಈ ಭಯ ನಮ್ಮ ಮನೆ ಹೊಸಿಲಿಗೇ ಬಂದದ್ದು 2009ರಲ್ಲಿ. ನನ್ನ ನಾದಿನಿಯ ಮಗಳನ್ನು ಕೈಗಾ ಅಣುವಿದ್ಯುತ್ ಕೇಂದ್ರದಲ್ಲಿ ಕೆಲಸ ಮಾಡುವ ಹುಡುಗನಿಗೆ ಕೊಟ್ಟಿದ್ದೆವು. ಆ ನವೆಂಬರ್‌ನಲ್ಲಿ ಅಲ್ಲಿ ಯಾರೋ ಬೇಕೆಂದೇ ಕುಡಿಯುವ ನೀರಿನ ಕೂಲರಿಗೆ ಟ್ರಿಶಿಯಂ ಇದ್ದ ಭಾರಜಲ ಬೆರೆಸಿದ್ದರೆಂದು ಪತ್ರಿಕೆಗಳಲ್ಲೆಲ್ಲ ಬಂತು. ಹತ್ತಾರು ನೌಕರರ ಹೊಟ್ಟೆಗೆ ಅದು ಸೇರಿತ್ತು. ನಮ್ಮ ಹುಡುಗ ಅವರಲ್ಲಿ ಒಬ್ಬನಲ್ಲ. ಆದರೂ ಮುಂದಿನ ತಿಂಗಳು ಚೊಚ್ಚಲ ಬಸುರಿ ಹುಡುಗಿ ತವರಿಗೆ ಬಂದಾಗ, ಮಡಿಲು ತುಂಬಲು ಕರೆದ ಕೆಲವರು ಬರಲೇ ಇಲ್ಲ. ಬಂದವರಲ್ಲೊಬ್ಬರು ಅವಳ ಕೈಯಿಂದ ಅರಿಶಿನ-ಕುಂಕುಮ ತೆಗೆದುಕೊಳ್ಳಲು ಹಿಂಜರಿದರು. ಹುಡುಗಿ ಒಳಗೆ ಹೋಗಿ ಅತ್ತಳು.

ಅಳಿಯ ಬಂದಾಗ ನಾನೇ ಕೂರಿಸಿಕೊಂಡು ಕೇಳಿದೆ. "ನೋಡಿ ಅತ್ತೆ, ಟ್ರಿಶಿಯಂ ಅಂದರೆ ಜಲಜನಕದ್ದೇ ಒಂದು ಬಗೆ. ನೀರಿನ ಜೊತೆ ನೀರಾಗಿಯೇ ಇರುತ್ತೆ. ಟಿಕ್ ಟಿಕ್ ಅನ್ನೋ ಗೈಗರ್ ಪೆಟ್ಟಿಗೆಗೂ ಸಿಗದಷ್ಟು ದುರ್ಬಲ ಅದರ ಕಿರಣ, ಚರ್ಮವನ್ನೇ ದಾಟಲಾರದು. ಕುಡಿದವರಿಗೆ ಚಿಂತೆಯೇ ಹೊರತು, ಪಕ್ಕದಲ್ಲಿ ಕೂತವರಿಗೆ ತಾಗೋದಿಲ್ಲ" ಎಂದ.

ಹಾಗಾದರೆ ಪತ್ತೆಯಾದದ್ದು ಹೇಗೆ? ಅಲ್ಲಿ ನೌಕರರ ಮೂತ್ರವನ್ನು ಆಗಾಗ ಪರೀಕ್ಷಿಸುವುದು ವಾಡಿಕೆ. ಮೂತ್ರಕ್ಕೆ ಒಂದು ದ್ರಾವಣ ಬೆರೆಸಿ, ಬೆಳಕು ಹೋಗದ ಯಂತ್ರದೊಳಗಿಟ್ಟರೆ, ಕಿರಣ ಹೊಮ್ಮಿದಾಗಲೆಲ್ಲ ದ್ರಾವಣ ಮಿನುಗುತ್ತದೆ. ಮಿನುಗಿನ ಎಣಿಕೆ ಎಷ್ಟಿದೆ ಎಂದು ಹೇಳುತ್ತದೆ. ಮಿನುಗಿನ ಬಲ ಯಾವುದೆಂದು ಹೇಳುತ್ತದೆ. ಹೆಜ್ಜೆ ಸಪ್ಪಳದಲ್ಲೇ ಬಂದವರು ಯಾರೆಂದು ನಾವು ಗುರುತು ಹಿಡಿಯುವುದಿಲ್ಲವೇ, ಹಾಗೆ. ಗುರುತು ಸಿಕ್ಕಿದರೆ ಉಪಾಯವೂ ಸಿಕ್ಕಿತು: ಹೆಚ್ಚು ಹೆಚ್ಚು ನೀರು ಕುಡಿದು ಮೂತ್ರದಲ್ಲೇ ಹೊರಹಾಕುವುದು. ಸುಮ್ಮನಿದ್ದರೂ ಸುಮಾರು 10 ದಿನಕ್ಕೆ ಮೈಯೊಳಗಿನ ಟ್ರಿಶಿಯಂ ಅರ್ಧಕ್ಕಿಳಿಯುತ್ತದೆ.

ಇದನ್ನೆಲ್ಲ ನಾನು ಮನೆಮನೆಗೆ ಹೋಗಿ ಹೇಳಿದೆ. ಇಬ್ಬರು ಅಂದು ಸಂಜೆಯೇ ಬಂದು ಮಡಿಲು ತುಂಬಿದರು. ಉಳಿದವರು ಬರಲಿಲ್ಲ, ಇರಲಿ.

ಇನ್ನೊಂದು ಸಂಗತಿ ಕೇಳಿ. ನಾವು ಬಸುರಿಗೆ ಪ್ರೀತಿಯಿಂದ ಕೊಡುವ ಎಳನೀರಿನಲ್ಲಿ ಪೊಟ್ಯಾಶಿಯಂ ಹೇರಳ. ಯಾವ ಪೊಟ್ಯಾಶಿಯಂ ಆದರೂ ಅದರ 10,000 ಪರಮಾಣುಗಳಲ್ಲಿ ಸುಮಾರು ಒಂದು ವಿಕಿರಣ ಸೂಸುವಂಥದು. ಹುಟ್ಟಿನಿಂದ ನಮ್ಮ ಮೈಯಲ್ಲೂ ಅದು ಇದ್ದೇ ಇದೆ. ಅದಕ್ಕಾಗಿ ಎಳನೀರು ಬಿಡುತ್ತೇವೆಯೇ? ಇದೆಯೋ ಇಲ್ಲವೋ ಅನ್ನುವುದಷ್ಟೇ ಸಾಲದು. ಯಾವುದು, ಎಷ್ಟು ಅನ್ನುವುದೇ ಮುಖ್ಯ.

ಹಾಗಂತ ಉದಾಸೀನ ಬೇಡ. 2010ರಲ್ಲಿ ದೆಹಲಿಯ ಮಾಯಾಪುರಿ ಗುಜರಿ ಪೇಟೆಯಲ್ಲಿ, ವಿಶ್ವವಿದ್ಯಾಲಯ ಹರಾಜು ಹಾಕಿದ್ದ ಹಳೆಯ ಯಂತ್ರವನ್ನು ಬಿಚ್ಚಿದಾಗ ಒಳಗಿದ್ದ ಕೋಬಾಲ್ಟ್-60 ಹೊರಬಿತ್ತು. ಅದರ ಕಿರಣ ಟ್ರಿಶಿಯಂನದರಂತೆ ದುರ್ಬಲವಲ್ಲ, ಮೈಯನ್ನೇ ತೂರಿ ಹೋಗುವಂಥದು. ಮೈ ಕಪ್ಪಿಟ್ಟು, ಕೂದಲುದುರಿ ಜನ ಆಸ್ಪತ್ರೆ ಸೇರಿದ ಮೇಲೆಯೇ ಕಾರಣ ತಿಳಿದದ್ದು, ಒಬ್ಬರು ತೀರಿಕೊಂಡರು.

ಆದ್ದರಿಂದ ಸೋದರಿಯರೇ, ಹಳದಿ ಬಣ್ಣದ ಮೇಲೆ ಮೂರು ರೆಕ್ಕೆಯ ಫ್ಯಾನಿನಂಥ ಗುರುತಿರುವ ಡಬ್ಬಿಯೋ ಯಂತ್ರವೋ ಗುಜರಿಯಲ್ಲಿ ಕಂಡರೆ ಮುಟ್ಟಬೇಡಿ, ಮಕ್ಕಳನ್ನು ದೂರ ಕಳಿಸಿ, ಪೊಲೀಸರಿಗೆ ತಿಳಿಸಿ. ದೂರವಿಡಬೇಕಾದದ್ದು ಅಂಥ ವಸ್ತುವನ್ನು. ಮಡಿಲು ತುಂಬಿಸಿಕೊಳ್ಳಲು ಕೂತ ಹೆಣ್ಣುಮಗಳನ್ನಲ್ಲ.