ಬೀಜದ ಶೇಂಗಾ

ನಮ್ಮೂರು ಲಕ್ಷ್ಮೇಶ್ವರ. ನಳಕ್ಕೆ ನೀರು ಬಂತು ಅಂದರೆ ಇಡೀ ಓಣಿ ಕೊಡ ಹಿಡಿದು ಎದ್ದು ನಿಲ್ಲುವ ಊರು. ಅಲ್ಲಿಂದ ಬಂದು ಕರಾವಳಿಯ ಕಾಲೇಜು ಸೇರಿದ ನನಗೆ ಮೊದಲ ಸಲ ಕಡಲು ನೋಡಿದಾಗ ಅನಿಸಿದ್ದು ಒಂದೇ: ಇದು ಖಾಲಿ ಆಗೋ ಮಾತೇ ಇಲ್ಲ. ಅವತ್ತೇ ಅವ್ವಗೆ ಫೋನ್ ಮಾಡಿ, "ಎಷ್ಟ್ ನೀರ್ ಐತಿ ಅಂದ್ರ, ನೋಡಾಕ ಕಣ್ಣ ಸಾಲಂಗಿಲ್ಲಬೇ" ಅಂದೆ. "ಕುಡ್ಯಾಕ ಬರತೈತೇನು?" ಅಂತ ಕೇಳಿದಳು ಅವ್ವ.

ನನ್ನ ರೂಮ್‌ಮೇಟ್ ಮೀನುಗಾರರ ಮನೆಯವನು. ಮೂರನೇ ಸೆಮಿಸ್ಟರ್‌ನಲ್ಲಿ ಒಂದು ಭಾನುವಾರ ಬೆಳಗಿನ ಜಾವ ನನ್ನನ್ನು ಮಂಗಳೂರಿನ ದಕ್ಕೆಗೆ ಕರೆದುಕೊಂಡು ಹೋದ. ಬೋಟುಗಳು ಬಂದಿದ್ದವು. ಬಂಗುಡೆ ಯಾವುದು, ಬೂತಾಯಿ ಯಾವುದು ಅಂತ ಅವನು ತೋರಿಸುತ್ತಾ ಹೋದ. ಮೀನು ತಿನ್ನದ ಮನೆಯಿಂದ ಬಂದ ನಾನು ಮೂಗು ಮುಚ್ಚಿಕೊಂಡು ಕೇಳುತ್ತಿದ್ದೆ. ಒಂದು ಮೂಲೆಯಲ್ಲಿ ಬೆರಳುದ್ದದ ಮೀನುಗಳ ರಾಶಿ. ಅದನ್ನು ಲಾರಿಗೆ ತುಂಬುತ್ತಿದ್ದರು.

"ಇದು ಯಾರು ತಿನ್ನೋದು?"

"ಮನುಷ್ಯರಿಗಲ್ಲ. ಫಿಶ್‌ಮೀಲ್ ಫ್ಯಾಕ್ಟರಿಗೆ. ಪುಡಿ ಮಾಡಿ ಕೋಳಿಗೆ, ಸಿಗಡಿಗೆ ಹಾಕ್ತಾರೆ. ಕೆಲವು ಇರೋದೇ ಸಣ್ಣ ಜಾತಿ. ಉಳಿದದ್ದು ಮರಿ."

ಆ ಮಾತು ಕೇಳಿದ್ದೇ ತಡ, ನನಗೆ ನಮ್ಮನೆ ಅಟ್ಟ ನೆನಪಾಯಿತು. ಚಿಕ್ಕವನಿದ್ದಾಗ ಅಟ್ಟ ಹತ್ತಿ, ಬಿತ್ತನೆಗೆ ಇಟ್ಟಿದ್ದ ಶೇಂಗಾ ಚೀಲಕ್ಕೆ ಕೈ ಹಾಕಿದ್ದೆ. ಸಿಕ್ಕಿಬಿದ್ದಾಗ ಅಜ್ಜ ಹೊಡೆಯಲಿಲ್ಲ. "ತಮ್ಮಾ, ನೀ ತಿಂದದ್ದು ಒಂದ್ ಬೊಗಸಿ ಶೇಂಗಾ ಅಲ್ಲ. ಮುಂದಿನ ವರ್ಷದ ಒಂದ್ ಸಾಲು" ಅಂದ, ಅಷ್ಟೇ.

ಈ ಕಥೆಯನ್ನು ರೂಮ್‌ಮೇಟ್‌ಗೆ ಹೇಳಿದೆ. ಸ್ವಲ್ಪ ಗತ್ತಿನಿಂದಲೇ ಹೇಳಿದೆ ಅನ್ನಿ. ಅವನು ಸುಮ್ಮನೆ ಕೇಳಿಸಿಕೊಂಡು, "ಅದು ಸರಿ ಮಾರಾಯ, ಮಳೆ ಬಾರದ ವರ್ಷ ಆ ಚೀಲವನ್ನು ಎಂತ ಮಾಡ್ತೀರಿ?" ಅಂದ.

ನನ್ನ ಬಾಯಿ ಬಂದ್ ಆಯಿತು. ಯಾಕಂದರೆ ನನಗೆ ಗೊತ್ತಿತ್ತು. ಒಂದು ಬರಗಾಲದ ವರ್ಷ ಅಜ್ಜನೇ ಆ ಚೀಲ ಇಳಿಸಿ ಮಾರಿ ಬಂದಿದ್ದ. ಅವತ್ತು ರಾತ್ರಿ ಅಜ್ಜ ಊಟ ಮಾಡಲಿಲ್ಲ.

"ಡೀಸೆಲ್, ಐಸು, ಜನರ ಸಂಬಳ, ಮೇಲೆ ಸಾಲ. ದೊಡ್ಡ ಮೀನು ಸಿಗದ ದಿನ ಮರಿಯಾದರೂ ಬೇಕು. ನನ್ನ ಅಪ್ಪ ಬಿಟ್ಟರೆ ಹಿಂದಿನ ಬೋಟಿನವ ಹಿಡೀತಾನೆ" ಅಂದ ಅವನು. ವ್ಯತ್ಯಾಸ ಅಲ್ಲೇ ಇದೆ ಅನಿಸಿತು. ನಮ್ಮ ಹೊಲಕ್ಕೆ ಬದು ಇದೆ, ಕಡಲಿಗೆ ಇಲ್ಲ. ಎಲ್ಲರ ಬೀಜವೂ ಒಂದೇ ಚೀಲದಲ್ಲಿದೆ.

ಅದಕ್ಕೇ ಕಾನೂನು ಬೇಕಾಗಿದ್ದು. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಬೋಟುಗಳು ಮೀನು ಹಿಡಿಯುವಂತಿಲ್ಲ. ಮುಂಗಾರಿನ ಹೊತ್ತಿಗೆ ಆಳದ ತಣ್ಣನೆಯ, ಪೋಷಕಾಂಶ ತುಂಬಿದ ನೀರು ಮೇಲೆ ಬರುತ್ತದೆ. ಪ್ಲಾಂಕ್ಟನ್ ಬೆಳೆಯುತ್ತದೆ, ಬೂತಾಯಿಯಂಥ ಮೀನುಗಳು ಮೊಟ್ಟೆ ಇಡುತ್ತವೆ. ಅಲ್ಲಿ ನಮ್ಮಜ್ಜ ಕೂರಿಗೆ ಹೂಡುವ ದಿನಗಳೇ ಇಲ್ಲಿ ಕಡಲಿನ ಬಿತ್ತನೆಯ ದಿನಗಳು. ಮಳೆಯೂ ಒಂದೇ.

ಚೀಲ ಖಾಲಿ ಆಗುವುದಿಲ್ಲ ಅಂದುಕೊಂಡಿದ್ದೆನಲ್ಲ, ಪಕ್ಕದ ಕೇರಳದ ಲೆಕ್ಕ ನೋಡಿ. 2012ರಲ್ಲಿ ಅಲ್ಲಿ ಸಿಕ್ಕ ಬೂತಾಯಿ ಸುಮಾರು 4 ಲಕ್ಷ ಟನ್. 2021ರಲ್ಲಿ 3,297 ಟನ್. ಮೀನುಗಾರರೊಬ್ಬರದೇ ತಪ್ಪಲ್ಲ, ಎಲ್ ನಿನೊದಂಥ ಹವಾಮಾನದ ಏರುಪೇರೂ ಇದೆ. ಈ ಲೆಕ್ಕ ಇಡುವುದು ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ, ಅಂದರೆ ಸಿಎಂಎಫ್ಆರ್‌ಐ. 1947ರಲ್ಲಿ ಶುರುವಾದದ್ದು, ಕೇಂದ್ರ ಕಚೇರಿ ಕೊಚ್ಚಿಯಲ್ಲಿ. ಅವರು ಬಂದ ಬೋಟನ್ನೆಲ್ಲ ತೂಗುವುದಿಲ್ಲ. ದಕ್ಕೆಗಳಿಗೆ ಹೋಗಿ ಕೆಲವು ಬೋಟು ಆರಿಸಿ, ತೂಕ, ಉದ್ದ ಅಳೆದು, ಒಟ್ಟು ಅಂದಾಜು ಮಾಡುತ್ತಾರೆ. ನಾವು ಪರೀಕ್ಷೆಗೆಂದು ಬಾಯಿಪಾಠ ಮಾಡಿ ಮರೆಯುವ ಅದೇ ಸ್ಯಾಂಪ್ಲಿಂಗ್.

ಇಂಜಿನಿಯರ್‌ಗಳಿಗೆ ಇಲ್ಲಿ ಇನ್ನೂ ಒಂದು ಕೆಲಸ ಇದೆ. ಕಿತ್ತಳೆ ಹಣ್ಣು ಬರುವ ಜಾಲರಿ ಚೀಲ ತಗೊಂಡು ಉದ್ದಕ್ಕೆ ಎಳೆದು ನೋಡಿ. ವಜ್ರಾಕಾರದ ಕಣ್ಣುಗಳು ಮುಚ್ಚಿಕೊಳ್ಳುತ್ತವೆ. ಟ್ರಾಲ್ ಬಲೆಯ ತುದಿಯ ಚೀಲದಲ್ಲೂ ಆಗುವುದು ಇದೇ. ಕಣ್ಣು ಎಷ್ಟೇ ದೊಡ್ಡದಿರಲಿ, ಎಳೆತ ಬಿದ್ದ ಕೂಡಲೇ ಕಿರಿದಾಗಿ ಮರಿಗಳು ಸಿಕ್ಕಿಬೀಳುತ್ತವೆ. ಅದೇ ಬಲೆಯನ್ನು 45 ಡಿಗ್ರಿ ತಿರುಗಿಸಿ ಹೊಲಿದರೆ ಕಣ್ಣು ಚೌಕ ಆಗುತ್ತದೆ. ಎಳೆತವನ್ನು ಉದ್ದದ ದಾರಗಳು ಹೊರುತ್ತವೆ, ಕಣ್ಣು ತೆರೆದೇ ಇರುತ್ತದೆ, ಮರಿ ಈಜಿ ಪಾರಾಗುತ್ತದೆ. ಇದು ಹೊಸ ಶೋಧವೇನಲ್ಲ, ಕೊಚ್ಚಿಯದೇ ಇನ್ನೊಂದು ಸಂಸ್ಥೆ ಸಿಐಎಫ್‌ಟಿ ಇದನ್ನು ಮೀನುಗಾರರಿಗೆ ಹೇಳಿಕೊಡುತ್ತಲೇ ಬಂದಿದೆ. ಆದರೆ ಮೊದಲ ದಿನ ಕಡಿಮೆಯಾಗುವ ಹಿಡಿತದ ನಷ್ಟ ಬೋಟಿನವನದೇ. ಅದನ್ನು ಮರೆತು ಬರೀ ಬುದ್ಧಿ ಹೇಳಿದರೆ, ಬರಗಾಲದಲ್ಲಿ ಅಜ್ಜನಿಗೆ ಬೀಜದ ಪಾಠ ಹೇಳಿದ ಹಾಗೆ.

ಈ ಜೂನ್‌ನಲ್ಲಿ ಊರಿಗೆ ಹೋದಾಗ ಮಿರಗ ಮಳೆ ಚಲೋ ಆಗಿತ್ತು. ಹೊಲದ ಬದುವಿನ ಮೇಲೆ ಕೂತು ರೂಮ್‌ಮೇಟ್‌ಗೆ ಫೋನ್ ಹಚ್ಚಿದೆ. ಬೋಟು ಕಟ್ಟಿದೆ, ಅಪ್ಪ ಬಲೆ ರಿಪೇರಿ ಮಾಡ್ತಾ ಇದ್ದಾರೆ ಅಂದ.

"ಚೌಕದ ಕಣ್ಣಿನ ವಿಷಯ ಹೇಳಿದ್ಯಾ?"

"ಹೇಳಿದೆ. ಮೊದಲು ಬೈದರು. ಆಮೇಲೆ ಆ ಕಿತ್ತಳೆ ಚೀಲವನ್ನು ತುಂಬ ಹೊತ್ತು ಎಳೆದು ಎಳೆದು ನೋಡಿದರು. ಒಂದು ಬಲೆಗೆ ಹಾಕಿ ನೋಡುವ ಅಂದಿದ್ದಾರೆ."