ಇಲ್ಲದ ಕೆರೆಗಳ ಹಿಂದೆ

ಬೆಂಗಳೂರು ನೋಡ್ಬೇಕು ಅಂದ್ರೆ ಎಲ್ಲರೂ ಲಾಲ್‌ಬಾಗ್, ಕಬ್ಬನ್ ಪಾರ್ಕ್ ಅಂತಾರೆ. ನಾನು ಭಾನುವಾರ ಬೆಳಿಗ್ಗೆ ಕೆರೆ ಹುಡುಕಿಕೊಂಡು ಹೋಗ್ತೀನಿ. ಅದೂ ಈಗ ಇಲ್ಲದ ಕೆರೆಗಳನ್ನು.

ಈ ಹುಚ್ಚು ಹತ್ತಿದ್ದು ಕಳೆದ ಮಳೆಗಾಲದಲ್ಲಿ. 20 ವರ್ಷದ ಸಾಲ ಮಾಡಿ ಕೊಂಡ ಫ್ಲ್ಯಾಟು. ರಾತ್ರೋರಾತ್ರಿ ಬೇಸ್‌ಮೆಂಟಿಗೆ ನೀರು ನುಗ್ಗಿ ಕಾರು ಮುಳುಗಿತು. ನಾವೆಲ್ಲ ಬಿಲ್ಡರ್‌ಗೆ ಬೈತಾ ನಿಂತಿದ್ವಿ. ಎದುರು ಮನೆ ಅಜ್ಜಿ ಮಾತ್ರ, "ಇದು ಕೆರೆ ಅಂಗಳ ಕಣಪ್ಪ, ನೀರು ಇನ್ನೆಲ್ಲಿಗೆ ಹೋಗ್ಬೇಕು?" ಅಂದರು.

ಮುಂದಿನ ಭಾನುವಾರವೇ ಹೊರಟೆ. ಊರಿಂದ ಬಂದಾಗೆಲ್ಲ ನಾನು ಇಳಿಯುವ ಮೆಜೆಸ್ಟಿಕ್ ಬಸ್ ನಿಲ್ದಾಣ ಇರೋದು ಧರ್ಮಾಂಬುಧಿ ಕೆರೆಯ ಜಾಗದಲ್ಲಿ. ಕಂಠೀರವ ಕ್ರೀಡಾಂಗಣ ಇರೋದು ಸಂಪಂಗಿ ಕೆರೆಯ ಜಾಗದಲ್ಲಿ. ಆ ಕೆರೆಯಲ್ಲಿ ಉಳಿದಿರೋದು ಕ್ರೀಡಾಂಗಣದ ಪಕ್ಕದ ಪುಟ್ಟ ಕೊಳ ಅಷ್ಟೇ. ಕರಗದ ಪೂಜೆಗೆ ಜನ ಇವತ್ತಿಗೂ ಅಲ್ಲಿಗೆ ಬರ್ತಾರೆ. ಕೆರೆ ಹೋದರೂ ಅವರು ದಾರಿ ಮರೆತಿಲ್ಲ.

ನೀವೂ ಹೋಗಿ ನೋಡಿ, ದುಡ್ಡು ಬೇಕಿಲ್ಲ. ರಸ್ತೆ ಎತ್ತ ಇಳಿಯುತ್ತೆ ಅಂತ ಗಮನಿಸಿ. ರಾಜಕಾಲುವೆ ಸಿಕ್ಕರೆ ಮೂಗು ಮುಚ್ಚಿಕೊಂಡಾದರೂ ಅದರ ಜೊತೆ ನಡೀರಿ. ಅದು ಒಂದು ಕೆರೆಯಿಂದ ಇನ್ನೊಂದು ಕೆರೆಗೆ ನೀರು ಹರಿಯುತ್ತಿದ್ದ ದಾರಿ. ಹಳಬರು ಸಿಕ್ಕರೆ ಮಾತಾಡಿಸಿ.

ಮೊನ್ನೆ ನಮ್ಮ ಫ್ಲ್ಯಾಟ್ ನೋಡೋಕೆ ಒಂದು ಜೋಡಿ ಬಂದಿತ್ತು. ಹೊಸದಾಗಿ ಮದುವೆಯಾದವರು. "ಮಳೆಗಾಲದಲ್ಲಿ ಏನೂ ತೊಂದರೆ ಇಲ್ವಾ ಸಾರ್?" ಅಂತ ಕೇಳಿದರು. ಹೆಂಡತಿ ನನ್ನ ಮುಖ ನೋಡಿದಳು. ಒಂದು ಕ್ಷಣ ಸುಮ್ಮನಿದ್ದೆ. ಆಮೇಲೆ ಕೆರೆ ವಿಷಯ ಹೇಳಿಬಿಟ್ಟೆ.

ಫ್ಲ್ಯಾಟ್ ಇನ್ನೂ ಮಾರಾಟವಾಗಿಲ್ಲ.