ಜಾಕ್ ನಿಲ್ತಿಲ್ಲ

ಹಿರಿಯೂರಿನ ಹೊರಗೆ, ಹೆದ್ದಾರಿ 48ರ ಪಕ್ಕದ ಲಾರಿ ಗ್ಯಾರೇಜು. ಬಗ್ಗಿ ನೋಡಿ: ಹಿಂದಿನ ಆಕ್ಸಲ್‌ಗೆ 20 ಟನ್ನಿನ ಜಾಕ್ ಕೊಟ್ಟಿದ್ದಾರೆ. ಹುಡುಗ ಲಿವರ್ ಒತ್ತಿದಷ್ಟೂ ಲಾರಿ ಏರುತ್ತದೆ. ಕೈಬಿಟ್ಟ. ಟೈರಿನಡಿ ಕಾಣುತ್ತಿದ್ದ ಬೆಳಕಿನ ಗೆರೆ ಮೆಲ್ಲಗೆ ತೆಳುವಾಗುತ್ತಿದೆ. ನೆಲದ ಮೇಲೆ ಒಂದು ಹನಿ ಎಣ್ಣೆಯೂ ಇಲ್ಲ.

‘ಉಸ್ತಾದ್, ಜಾಕ್ ನಿಲ್ತಿಲ್ಲ.’

‘ಇಳಿಸೋ ಸ್ಕ್ರೂ ಬಿಗಿ ಇದೆಯೇನೋ?’

ಬಿಗಿಯೇ ಇದೆ. ಹೊರಗೆ ಸೋರಿಲ್ಲ ಎಂದರೆ ಒಳಗೇ ಸೋರುತ್ತಿದೆ. ಭಾರ ಎತ್ತುವ ಕಂಬದ, ಅಂದರೆ ರಾಮಿನ, ಕೆಳಗಿನ ಎಣ್ಣೆ ಕದ್ದು ಜಾಕಿನ ಟ್ಯಾಂಕಿಗೆ ಮರಳುತ್ತಿದೆ.

ಲಾರಿಯನ್ನು ಬೇರೆ ಜಾಕಿಗೆ ಒಪ್ಪಿಸಿ, ಇದನ್ನು ಬೆಂಚಿಗೆ ತಂದರು. ಟ್ರೇಗೆ ಸುರಿದ ಎಣ್ಣೆ ಕಪ್ಪಗಿದೆ. ಉಸ್ತಾದ್ ರಾಮಿನ ಸೀಲನ್ನು ಬಿಡಿಸಿ ನಿಮ್ಮ ಅಂಗೈಗೆ ಹಾಕುತ್ತಾರೆ. ಉಗುರಿನಿಂದ ಒತ್ತಿ. ಗಟ್ಟಿಯಾಗಿ ಪುಟಿಯಬೇಕಾದ ರಬ್ಬರು ನೆನೆದ ಅವರೆಕಾಳಿನಂತೆ ಊದಿದೆ, ಅಂಚು ಹರಿದಿದೆ. ದಾರಿಯಲ್ಲಿ ಎಣ್ಣೆ ಕಡಿಮೆಯಾದಾಗ ಯಾರೋ ಬ್ರೇಕ್ ಆಯಿಲ್ ಸುರಿದಿದ್ದಾರೆ. ಅದರಲ್ಲಿನ ಗ್ಲೈಕಾಲ್ ಈ ನೈಟ್ರೈಲ್ ರಬ್ಬರಿಗೆ ಒಗ್ಗುವುದಿಲ್ಲ. ನೋಡಿದರೆ ಸಂಕಟವಾಗುತ್ತದೆ. ಪಂಪಿನ ಪ್ಲಂಜರ್‌ಗಿಂತ ರಾಮ್ ನಾಲ್ಕು ಪಟ್ಟು ದಪ್ಪವಿದ್ದರೆ ಬಲ 16 ಪಟ್ಟಾಗುತ್ತದೆ. ಅಷ್ಟು ಬಲವನ್ನು ತಡೆದು ನಿಲ್ಲಿಸುವುದು ಈ ಬಳೆಯಷ್ಟು ರಬ್ಬರು.

ಇನ್ನು ಎಣ್ಣೆ ಹಿಂದಕ್ಕೆ ಹರಿಯದಂತೆ ತಡೆಯುವ ಬಾಲ್. ಮೆಣಸಿನ ಕಾಳಿನಷ್ಟು ಉಕ್ಕಿನ ಗುಂಡು. ಉರುಳಿ ಹೋದರೆ ದಿನವೆಲ್ಲ ಹುಡುಕಾಟ, ಅದಕ್ಕೇ ಹುಡುಗ ಅದನ್ನು ಲೋಟದೊಳಗೆ ಹಾಕಿದ. ಅದು ಕೂರುವ ಜಾಗದಲ್ಲಿ ವೇಸ್ಟ್ ಬಟ್ಟೆಯ ಒಂದು ಎಳೆ ಸಿಕ್ಕಿದರೂ ಜಾಕ್ ಇಳಿಯುತ್ತದೆ. ಹಾಗಾಗಿ ಸೀಮೆಎಣ್ಣೆಯಲ್ಲಿ ತೊಳೆದ ಮೇಲೆ ಉಸ್ತಾದ್ ಬಟ್ಟೆ ಮುಟ್ಟಿಸುವುದಿಲ್ಲ, ಗಾಳಿ ಹೊಡೆಯುತ್ತಾರೆ.

ಹೊಸ ಸೀಲು ಕೂತಿತು. ರಾಮನ್ನು ಪೂರ್ತಿ ಕೆಳಗೆ ಒತ್ತಿ, ಎಣ್ಣೆ ಹಾಕುವ ತೂತಿನ ಅಂಚಿನವರೆಗೆ ಜಾಕ್ ಆಯಿಲ್ ತುಂಬಿದರು. ಇಳಿಸೋ ಸ್ಕ್ರೂ ಸಡಿಲಿಸಿ ಹತ್ತು ಹದಿನೈದು ಸಲ ಬಿರುಸಾಗಿ ಪಂಪ್ ಮಾಡುತ್ತಲೇ ಒಳಗಿದ್ದ ಗಾಳಿ ಹೊರಬಿತ್ತು. ಸ್ಕ್ರೂ ಮತ್ತೆ ಬಿಗಿಸಿದಾಗ ಲಿವರ್‌ನ ಮೆತ್ತನೆ ಗುಣ ಹೋಗಿತ್ತು.

ಮತ್ತೆ ಆಕ್ಸಲ್ ಕೆಳಗೆ. ಪಕ್ಕದಲ್ಲಿ ಮರದ ದಿಮ್ಮಿಗಳ ಅಟ್ಟಿ. ಜಾಕಿನ ಮೇಲಷ್ಟೇ ನಿಂತ ಲಾರಿಯಡಿ ಇಲ್ಲಿ ಯಾರೂ ನುಸುಳುವುದಿಲ್ಲ. ದಿಮ್ಮಿಗೂ ಆಕ್ಸಲ್‌ಗೂ ನಡುವೆ ಉಳಿದ ಸಂದಿಯಲ್ಲಿ ಉಸ್ತಾದ್ ಒಂದು ಹ್ಯಾಕ್ಸಾ ಬ್ಲೇಡ್ ತೂರಿಸಿ ಚಹಾಕ್ಕೆ ಕೂತರು.

ಅರ್ಧ ಗಂಟೆಯಾಯಿತು. ‘ಎಳಿಯೋ.’

ಹುಡುಗ ಎರಡು ಬೆರಳಲ್ಲಿ ಹಿಡಿದು ಎಳೆದ. ಬ್ಲೇಡು ಎಲ್ಲೂ ತಡೆಯದೆ ಈಚೆಗೆ ಬಂತು.